ಗುಳಿಗೆಯ ಜೊತೆಗೆ ಕಷಾಯ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಹೆಚ್ಚಿನ ಮನೆಗಳ ಅಡುಗೆಮನೆ ಗೂಡಿನಲ್ಲಿ ಬಿಪಿ ಗುಳಿಗೆಯೂ ಕಷಾಯದ ಪುಡಿಯ ಬಾಟಲಿಯೂ ಒತ್ತೊತ್ತಿಗೆ ಇರುತ್ತವೆ. ಎರಡೂ ಹೋಗುವುದು ಒಂದೇ ಹೊಟ್ಟೆಗೆ, ಎರಡನ್ನೂ ಅರಗಿಸಬೇಕಾದ್ದು ಅದೇ ಲಿವರ್, ಅದೇ ಕಿಡ್ನಿ. ಆದರೆ ಗುಳಿಗೆ ಬರೆದ ಡಾಕ್ಟರಿಗೆ ಕಷಾಯದ ಸುದ್ದಿ ಗೊತ್ತಿರುವುದಿಲ್ಲ, ಬೇರು ಕೊಟ್ಟ ಪಂಡಿತರಿಗೆ ಗುಳಿಗೆಯ ಹೆಸರು ಗೊತ್ತಿರುವುದಿಲ್ಲ. ನಾಟಿ ಮದ್ದಿನಿಂದ ಆಗುವ ತೊಂದರೆಗಳಲ್ಲಿ ಎಷ್ಟೋ ಹುಟ್ಟುವುದು ಈ ಬಾಯಿಬಿಡದ ಜಾಗದಲ್ಲಿ.

ಮೊದಲು ಎರಡು ಪದ ಬೇರೆ ಮಾಡಿಕೊಳ್ಳೋಣ. ಪೂರಕ ಚಿಕಿತ್ಸೆ ಎಂದರೆ ಆಸ್ಪತ್ರೆಯ ಚಿಕಿತ್ಸೆಯ ಜೊತೆಗೆ ಮಾಡುವುದು. ಪರ್ಯಾಯ ಚಿಕಿತ್ಸೆ ಎಂದರೆ ಅದನ್ನು ಬಿಟ್ಟು ಅದರ ಬದಲಿಗೆ ಮಾಡುವುದು. ಮದ್ದು ಎರಡರಲ್ಲೂ ಒಂದೇ ಇರಬಹುದು. ಸಕ್ಕರೆ ಕಾಯಿಲೆಯವರು ಇನ್ಸುಲಿನ್ ತೆಗೆದುಕೊಳ್ಳುತ್ತ ಊಟದಲ್ಲಿ ಮೆಂತ್ಯ ಹಾಕಿಕೊಂಡರೆ ಅದು ಪೂರಕ. ಇನ್ಸುಲಿನ್ ನಿಲ್ಲಿಸಿ ಮೆಂತ್ಯದ ನೀರನ್ನೇ ನಂಬಿದರೆ ಪರ್ಯಾಯ. ಅಪಾಯ ಮೆಂತ್ಯದಲ್ಲಿಲ್ಲ, ನಿಲ್ಲಿಸಿದ್ದರಲ್ಲಿದೆ.

ಇನ್ನು ಸಮಗ್ರ ಚಿಕಿತ್ಸೆ ಎನ್ನುವುದು ಯಾವುದೋ ಒಂದು ಪದ್ಧತಿಯ ಹೆಸರಲ್ಲ, ರೋಗಿಯನ್ನು ನೋಡುವ ಒಂದು ರೀತಿ. ಮಂಡಿನೋವೆಂದು ಬಂದವರ ಮಂಡಿಯನ್ನಷ್ಟೇ ನೋಡದೆ ನಿದ್ರೆ ಹೇಗೆ, ಮಲಬದ್ಧತೆ ಇದೆಯೇ, ತೋಟದ ಕೆಲಸ ಎಷ್ಟು ಹೊತ್ತು, ಮನೆಯಲ್ಲಿ ಚಿಂತೆ ಏನು ಎಂದು ಕೇಳುವುದು. ಒಳ್ಳೆಯ ಎಂಬಿಬಿಎಸ್ ಡಾಕ್ಟರೂ ಹೀಗೇ ನೋಡುತ್ತಾರೆ. ಆದರೆ ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲಿ ಒಬ್ಬೊಬ್ಬರಿಗೆ ಸಿಗುವುದು ಕೆಲವೇ ನಿಮಿಷ. ಜನ ಪೂರಕ ಚಿಕಿತ್ಸೆಯ ಕಡೆ ಹೋಗುವುದಕ್ಕೆ ದೊಡ್ಡ ಕಾರಣ ಅಲ್ಲಿ ಅರ್ಧ ಗಂಟೆ ಕೂರಿಸಿ ಮಾತಾಡಿಸುತ್ತಾರೆ ಎನ್ನುವುದು. ಅದನ್ನು ಹಗುರವಾಗಿ ಕಾಣಬಾರದು. ನೋವು, ನಿದ್ರೆ, ಹಸಿವು ಮೂರೂ ಆ ಮಾತಿಗೆ ಸ್ಪಂದಿಸುತ್ತವೆ.

ಈಗ ನಮ್ಮ ಕಡೆ ಎಲ್ಲಕ್ಕಿಂತ ಹೆಚ್ಚು ನಡೆಯುವ ಚಿಕಿತ್ಸೆಗೆ ಬರೋಣ: ಕಷಾಯ. ಕಷಾಯಕ್ಕೂ ಅಳತೆಯಿದೆ. ಹಳೆಯ ಲೆಕ್ಕದಲ್ಲಿ ಮೆತ್ತನೆಯ ಸೊಪ್ಪಿಗೆ 4 ಪಾಲು ನೀರು, ಮಧ್ಯಮ ಗಟ್ಟಿಯ ಕಾಂಡಕ್ಕೆ 8 ಪಾಲು, ಗಟ್ಟಿ ತೊಗಟೆ ಬೇರಿಗೆ 16 ಪಾಲು. ಕುದಿಸಿ ಕಾಲು ಭಾಗಕ್ಕೆ ಇಳಿಸಬೇಕು. ಅಂದರೆ 10 ಗ್ರಾಂ ಕಾಂಡದ ತರಿಗೆ 80 ಮಿಲಿ ನೀರು ಹಾಕಿ ಸಣ್ಣ ಉರಿಯಲ್ಲಿ 20 ಮಿಲಿ ಉಳಿಯುವವರೆಗೆ ಬತ್ತಿಸುವುದು. ಪಾತ್ರೆ ಸ್ಟೀಲಿನದ್ದೋ ಮಣ್ಣಿನದ್ದೋ ಇರಲಿ. ಹುಳಿ, ಒಗರು ಇರುವ ಮದ್ದನ್ನು ಅಲ್ಯೂಮಿನಿಯಂ ಪಾತ್ರೆಯಲ್ಲಿ ಕುದಿಸಬಾರದು. ಮದ್ದು ತರಿತರಿಯಾಗಿ ಕುಟ್ಟಿದ್ದಿರಬೇಕು. ನುಣ್ಣಗೆ ಪುಡಿ ಮಾಡಿದರೆ ತಳ ಹಿಡಿಯುತ್ತದೆ, ಸೋಸಲು ಬರುವುದಿಲ್ಲ, ಗಸಿಯೆಲ್ಲ ಹೊಟ್ಟೆಗೆ ಹೋಗಿ ವಾಕರಿಕೆ ಬರುತ್ತದೆ.

ತುಳಸಿ, ದೊಡ್ಡಪತ್ರೆಯಂಥ ಘಮಘಮ ಎನ್ನುವ ಸೊಪ್ಪನ್ನು ಹೀಗೆ ಬತ್ತಿಸಿದರೆ ಘಮಲು ಆವಿಯಾಗಿ ಹೋಗುತ್ತದೆ, ಮದ್ದಿನ ಮುಖ್ಯ ಅಂಶ ಅದೇ ಆಗಿರುತ್ತದೆ. ಅವಕ್ಕೆ ಫಾಂಟ ಸರಿ: ಒಂದು ಪಾಲು ಸೊಪ್ಪಿಗೆ 4 ಪಾಲು ಕುದಿಯುವ ನೀರು ಹೊಯ್ದು, ಮುಚ್ಚಳ ಹಾಕಿಟ್ಟು, ಹತ್ತು ನಿಮಿಷದ ಮೇಲೆ ಸೋಸುವುದು. ಕೊತ್ತಂಬರಿ ಬೀಜ, ಲಾವಂಚದಂಥ ತಂಪಿನ ಮದ್ದಿಗೆ ಹಿಮ: 6 ಪಾಲು ತಣ್ಣೀರಿನಲ್ಲಿ ರಾತ್ರಿ ನೆನೆಹಾಕಿ ಬೆಳಿಗ್ಗೆ ಹಿಂಡಿ ಸೋಸಿ ಕುಡಿಯುವುದು. ಬೆಳಿಗ್ಗೆ ಮಾಡಿದ ಕಷಾಯ ಸಂಜೆಗೆ ಮುಗಿಯಬೇಕು. ಮಾರನೆಯ ದಿನ ಮತ್ತೆ ಕಾಯಿಸಿ ಕುಡಿಯುವ ರೂಢಿ ಒಳ್ಳೆಯದಲ್ಲ.

ನಿತ್ಯ ಕಾಫಿಯ ಬದಲು ಕುಡಿಯುವ ಕಷಾಯ ಬೇರೆ, ಅದು ಮದ್ದಿಗಿಂತ ಹೆಚ್ಚಾಗಿ ಪಾನೀಯ. 200 ಗ್ರಾಂ ಕೊತ್ತಂಬರಿ ಬೀಜ, 100 ಗ್ರಾಂ ಜೀರಿಗೆ, 25 ಗ್ರಾಂ ಕಾಳುಮೆಣಸು, 25 ಗ್ರಾಂ ಒಣಶುಂಠಿ, ಒಂದು ಚಮಚ ಮೆಂತ್ಯ. ಬೇರೆಬೇರೆಯಾಗಿ ಬೆಚ್ಚಗೆ ಹುರಿದು, ಪೂರ್ತಿ ಆರಿದ ಮೇಲೆ ಪುಡಿ ಮಾಡಬೇಕು. ಬಿಸಿಯಿರುವಾಗಲೇ ಬಾಟಲಿಗೆ ತುಂಬಿದರೆ ಒಳಗೆ ಬೆವರಿ ಬೂಷ್ಟು ಹಿಡಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಗಾಳಿಯೇ ಒದ್ದೆ, ಆದ್ದರಿಂದ ಮಳೆಗಾಲದಲ್ಲಿ ತಿಂಗಳಿಗೆ ಸಾಕಾಗುವಷ್ಟೇ ಮಾಡಿಕೊಳ್ಳಿ. ಮುಗ್ಗಲು ವಾಸನೆ ಬಂದ ಪುಡಿಯನ್ನು ಬಿಸಿಲಿಗೆ ಹಾಕಿ ಉಳಿಸಿಕೊಳ್ಳುವುದು ಬೇಡ, ಗೊಬ್ಬರದ ಗುಂಡಿಗೆ ಹಾಕಿ. ಬೂಷ್ಟಿನ ವಿಷ ಬಿಸಿಲಿಗೂ ಕುದಿಗೂ ಹೋಗುವುದಿಲ್ಲ.

ಇದೇ ಪುಡಿಗೆ ಹಲವರು ಜೇಷ್ಠಮಧು ಸೇರಿಸುತ್ತಾರೆ. ಗಂಟಲಿಗೆ ಹಿತ, ಸಿಹಿ ಬೇರೆ. ಆದರೆ ವಾರಗಟ್ಟಲೆ ದಿನವೂ ಕುಡಿದರೆ ಜೇಷ್ಠಮಧು ದೇಹದಲ್ಲಿ ಉಪ್ಪು ನೀರು ಹಿಡಿದಿಟ್ಟು ಬಿಪಿ ಏರಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ. ಬಿಪಿಗೆ ನೀರಿನ ಗುಳಿಗೆ (ಮೂತ್ರ ಹೆಚ್ಚಿಸುವ ಗುಳಿಗೆ) ನುಂಗುವವರಿಗೆ ಪೊಟ್ಯಾಸಿಯಂ ಮೊದಲೇ ಕಡಿಮೆಯಿರಬಹುದು, ಎರಡೂ ಸೇರಿದರೆ ಕಾಲು ಸೆಳೆತ, ಸುಸ್ತು, ಎದೆಬಡಿತದ ಏರುಪೇರು. ಡಾಕ್ಟರು ಬಿಪಿ ಇಳಿಯಲಿಲ್ಲವೆಂದು ಗುಳಿಗೆ ಹೆಚ್ಚಿಸುತ್ತ ಹೋಗುತ್ತಾರೆ, ಮನೆಯಲ್ಲಿ ಕಷಾಯ ನಡೆಯುತ್ತಲೇ ಇರುತ್ತದೆ. ಥೈರಾಯ್ಡ್ ಗುಳಿಗೆಯದ್ದು ಮತ್ತೊಂದು ಕಥೆ. ಅದನ್ನು ಖಾಲಿ ಹೊಟ್ಟೆಗೆ ನೀರಿನಲ್ಲಿ ನುಂಗಿ ಕಡಿಮೆಯೆಂದರೆ ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ ಬೇರೇನೂ ತೆಗೆದುಕೊಳ್ಳಬಾರದು. ನಮ್ಮ ಕಷಾಯಕ್ಕೆ ಹಾಲು ಬೀಳುತ್ತದೆ, ಹಾಲಿನ ಕ್ಯಾಲ್ಸಿಯಂ ಆ ಗುಳಿಗೆ ರಕ್ತಕ್ಕೆ ಸೇರುವುದನ್ನು ತಡೆಯುತ್ತದೆ. ಬೆಳಿಗ್ಗೆ ಎದ್ದು ಗುಳಿಗೆ ಬಾಯಿಗೆ ಹಾಕಿ ಹಿಂದೆಯೇ ಬಿಸಿ ಕಷಾಯ ಕುಡಿಯುವವರ ಟಿಎಸ್‌ಎಚ್ (ಥೈರಾಯ್ಡ್ ರಕ್ತ ಪರೀಕ್ಷೆಯ ಅಂಕಿ) ಹತೋಟಿಗೆ ಬಾರದಿದ್ದರೆ ಮೊದಲು ನೋಡಬೇಕಾದ್ದು ಇದನ್ನೇ. ಹಾಗೆಯೇ ಸಕ್ಕರೆ ಗುಳಿಗೆಯ ಮೇಲೆ ಲೋಟಗಟ್ಟಲೆ ಹಾಗಲ ರಸ ಕುಡಿದರೆ ಸಕ್ಕರೆ ತೀರಾ ಕುಸಿಯಬಹುದು: ಬೆವರು, ನಡುಕ, ತಲೆ ತಿರುಗುವುದು. ಆಗ ತಕ್ಷಣ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಬೇಕು, ಎಚ್ಚರವಿದ್ದರೆ ಮಾತ್ರ. ರಕ್ತ ತೆಳುವಾಗಿಸುವ ಗುಳಿಗೆ ನುಂಗುವವರು ಬೆಳ್ಳುಳ್ಳಿ, ಶುಂಠಿ, ಅರಿಶಿನವನ್ನು ಅಡುಗೆಯಲ್ಲಿ ತಿನ್ನಲು ಅಡ್ಡಿಯಿಲ್ಲ, ಮದ್ದಿನ ಪ್ರಮಾಣದಲ್ಲಿ ಕ್ಯಾಪ್ಸೂಲು, ಅರ್ಕವೆಂದು ತೆಗೆದುಕೊಳ್ಳುವುದು ಬೇಡ.

ಆಹಾರದ ಪ್ರಮಾಣ ಮತ್ತು ಮದ್ದಿನ ಪ್ರಮಾಣ ಎನ್ನುವ ಈ ಗೆರೆ ಬಹಳ ಮುಖ್ಯ. ಒಂದು ಮುಷ್ಟಿ ಒಂದೆಲಗವನ್ನು ತುಪ್ಪದಲ್ಲಿ ಜೀರಿಗೆ, ನಾಲ್ಕು ಕಾಳುಮೆಣಸಿನೊಂದಿಗೆ ಬಾಡಿಸಿ, ಕಾಯಿತುರಿ ಹಾಕಿ ರುಬ್ಬಿ, ಮಜ್ಜಿಗೆ ಬೆರೆಸಿದರೆ ನಾಲ್ಕು ಜನರಿಗೆ ತಂಬುಳಿ. ಅದು ಊಟ. ವಾರಕ್ಕೆ ಎರಡು ಸಲ ಉಂಡರೆ ಯಾರಿಗೂ ಹಾನಿಯಿಲ್ಲ. ಕೊಟ್ಟಿಗೆಯ ಬದಿಯಲ್ಲಿ, ಕಾಲುವೆಯ ಅಂಚಿನಲ್ಲಿ ಕೊಯ್ದದ್ದಾದರೆ ಮೂರು ನಾಲ್ಕು ನೀರಿನಲ್ಲಿ ತೊಳೆಯಿರಿ. ಆದರೆ ಅಮೃತಬಳ್ಳಿಯನ್ನು ಕೋವಿಡ್ ಕಾಲದಲ್ಲಿ ಜನ ತಿಂಗಳುಗಟ್ಟಲೆ ದಿನಾ ಕುದಿಸಿ ಕುಡಿದರು. ಅಂಥ ಕೆಲವರಿಗೆ ಲಿವರ್ ಊತ ಬಂದದ್ದನ್ನು ಮುಂಬೈನ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ಬೇರೆ ಜಾತಿಯ ಬಳ್ಳಿ ಬೆರೆತಿರಬಹುದು ಎಂದಿತು. ವಾದ ಏನೇ ಇರಲಿ, ಕೈಗೆ ಬರುವ ಬುದ್ಧಿ ಒಂದೇ: ಬಳ್ಳಿಯನ್ನು ಗುರುತಿಸಬಲ್ಲವರಿಂದ ತನ್ನಿ (ಕಾಂಡದ ಮೇಲೆಲ್ಲ ಗುಬುಟು ಗುಬುಟಾದ ಗಂಟುಗಳಿದ್ದರೆ ಅದು ಬೇರೆ ಜಾತಿ), ಸ್ವಯಂನಿರೋಧದ ಕಾಯಿಲೆ (ದೇಹದ ರೋಗನಿರೋಧಕ ಶಕ್ತಿ ತನ್ನ ಮೇಲೆಯೇ ತಿರುಗಿ ಬೀಳುವುದು) ಅಥವಾ ಲಿವರ್ ತೊಂದರೆ ಇರುವವರು ಮುಟ್ಟಬೇಡಿ, ಉಳಿದವರೂ ವೈದ್ಯರು ಹೇಳಿದಷ್ಟೇ ದಿನ ಕುಡಿದು ನಿಲ್ಲಿಸಿ. ಬಿಂಬುಳಿ, ಧಾರೆಹುಳಿಯೂ ಹಾಗೆಯೇ. ಉಪ್ಪಿನಕಾಯಿಗೆ ಸರಿ. ಕೊಲೆಸ್ಟ್ರಾಲ್ ಇಳಿಯುತ್ತದೆಂದು ಬಿಂಬುಳಿಯ ಹಸಿ ರಸ ಲೋಟದಲ್ಲಿ ಕುಡಿದು ಅದರ ಆಕ್ಸಲೇಟ್‌ನಿಂದ ಕಿಡ್ನಿ ಕೆಟ್ಟವರ ಪ್ರಕರಣಗಳು ಕೇರಳದಿಂದ ವರದಿಯಾಗಿವೆ.

ಎಣ್ಣೆ ಸ್ನಾನ ನಮ್ಮ ಬಚ್ಚಲಿನ ಚಿಕಿತ್ಸೆ. ಒಬ್ಬರಿಗೆ 50 ಮಿಲಿ ಎಳ್ಳೆಣ್ಣೆ ಸಾಕು. ಬಟ್ಟಲನ್ನು ಬಿಸಿನೀರಿನೊಳಗೆ ಇಟ್ಟು ಬೆಚ್ಚಗೆ ಮಾಡಿ, ನೇರ ಬೆಂಕಿಯ ಮೇಲೆ ಬೇಡ. ಮುಂಗೈ ಒಳಭಾಗಕ್ಕೆ ಒಂದು ಹನಿ ಹಾಕಿ ನೋಡಿದರೆ ಹದ ಗೊತ್ತಾಗುತ್ತದೆ. ಕೈಕಾಲಿಗೆ ಉದ್ದುದ್ದಕ್ಕೆ, ಕೀಲುಗಳಿಗೆ ಸುತ್ತುಸುತ್ತಾಗಿ, ಹೊಟ್ಟೆಗೆ ಬಲದಿಂದ ಎಡಕ್ಕೆ ತಿರುಗುವಂತೆ, ಎಲ್ಲ ಸೇರಿ ಇಪ್ಪತ್ತು ನಿಮಿಷ. ಆಮೇಲೆ ಅರ್ಧ ಗಂಟೆ ಬಿಟ್ಟು ಹಂಡೆಯ ನೀರು, ಸೀಗೆಪುಡಿ ಅಥವಾ ಕಡಲೆಹಿಟ್ಟು. ಇದರಿಂದ ಸ್ನಾಯು ಸಡಿಲವಾಗುತ್ತದೆ, ಒಣ ಚರ್ಮ ಮೆತ್ತಗಾಗುತ್ತದೆ, ನಿದ್ರೆ ಚೆನ್ನಾಗಿ ಬರುತ್ತದೆ. ವಿಷ ಹೊರಹಾಕುತ್ತದೆ ಎಂಬ ಮಾತಿಗೆ ಆಧಾರ ಕಾಣಿಸುವುದಿಲ್ಲ. ಜ್ವರ ಇದ್ದಾಗ, ಅಜೀರ್ಣವಾದಾಗ ಬೇಡವೆಂದು ಆಯುರ್ವೇದವೇ ಹೇಳುತ್ತದೆ. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ, ಮೀನಖಂಡ ಬಿಸಿಯಾಗಿ ನೋಯುತ್ತಿದ್ದರೆ ತಿಕ್ಕಲೇಬಾರದು. ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ ಅದು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗಬಹುದು. ವಯಸ್ಸಾದವರಿಗೆ ದೊಡ್ಡ ಅಪಾಯ ಮಾತ್ರ ತುಂಬ ಸರಳವಾದದ್ದು: ಪಾಚಿ ಕಟ್ಟಿದ ಬಚ್ಚಲ ಕಲ್ಲು, ಎಣ್ಣೆಯ ಕಾಲು. ಸ್ಟೂಲ್ ಮೇಲೆ ಕೂತೇ ಸ್ನಾನ ಮಾಡಿಸಿ, ಅಂಗಾಲಿಗೆ ಎಣ್ಣೆಯನ್ನು ಸ್ನಾನದ ಮೇಲೆ ಮಲಗುವ ಮುಂಚೆ ಹಚ್ಚಿ. ಅಂಗಾಲು ಒಡೆದವರಿಗೆ ಮುರುಗಲ ತುಪ್ಪಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ.

ಶೀತಕ್ಕೆ ಆವಿ ಹಿಡಿಯುವುದರಲ್ಲಿ ಸುಟ್ಟ ಗಾಯಗಳೇ ಹೆಚ್ಚು. ಪಾತ್ರೆ ತೊಡೆಯ ಮೇಲೆ, ಹಾಸಿಗೆಯ ಮೇಲೆ ಇಡಬಾರದು. ನೆಲದ ಮೇಲೋ ಗಟ್ಟಿ ಮೇಜಿನ ಮೇಲೋ ಇಟ್ಟು, ಒಲೆಯಿಂದ ಇಳಿಸಿ ಎರಡು ನಿಮಿಷವಾದ ಮೇಲೆ, ಮುಖ ಒಂದಡಿ ದೂರದಲ್ಲಿ, ಐದರಿಂದ ಹತ್ತು ನಿಮಿಷ. ನೀಲಗಿರಿ ಎಣ್ಣೆ ಎರಡು ಹನಿ ಸಾಕು. ಚಿಕ್ಕ ಮಕ್ಕಳಿಗೆ ಆವಿ ಬೇಡವೇ ಬೇಡ. ನೀಲಗಿರಿ ಎಣ್ಣೆ, ಕರ್ಪೂರ ಮಕ್ಕಳ ಹೊಟ್ಟೆಗೆ ಒಂದು ಚಮಚದಷ್ಟು ಹೋದರೂ ಫಿಟ್ಸ್ ಬರಬಹುದು, ಎತ್ತರದಲ್ಲಿಡಿ. ಜಲನೇತಿ (ಉಪ್ಪುನೀರಿನಿಂದ ಮೂಗು ತೊಳೆಯುವುದು) ಮಾಡುವವರು ಅರ್ಧ ಲೀಟರ್ ನೀರಿಗೆ ನಾಲ್ಕೂವರೆ ಗ್ರಾಂ ಉಪ್ಪು, ಅಂದರೆ ಮಟ್ಟ ಮಾಡಿದ ಒಂದು ಟೀ ಚಮಚಕ್ಕೆ ತುಸು ಕಡಿಮೆ ಹಾಕಬೇಕು. ಉಪ್ಪು ಕಡಿಮೆಯಾದರೂ ಹೆಚ್ಚಾದರೂ ಮೂಗು ಉರಿಯುತ್ತದೆ. ಉಪ್ಪಿಗಿಂತ ಮುಖ್ಯವಾದದ್ದು ನೀರು. ಬಾವಿಯ ನೀರು, ಅಬ್ಬಿಯ ನೀರು ಎಷ್ಟೇ ತಿಳಿಯಾಗಿ ಕಂಡರೂ ಕುದಿಸಿ ಆರಿಸಿಯೇ ಬಳಸಬೇಕು. ಮಿದುಳು ತಿನ್ನುವ ಅಮೀಬಾ ಒಳಗೆ ಹೋಗುವುದು ಮೂಗಿನ ದಾರಿಯಲ್ಲಿ. ಕುಡಿದರೆ ಏನೂ ಮಾಡದ ನೀರು ಮೂಗಿಗೆ ಹಾಕಿದರೆ ಜೀವ ತೆಗೆಯಬಹುದು. ನೇತಿಯ ಮೇಲೆ ಸೊಂಟ ಬಗ್ಗಿಸಿ ನಿಂತು ಮೆಲ್ಲಗೆ ಉಸಿರು ಹೊರಬಿಟ್ಟು ಮೂಗು ಒಣಗಿಸಿಕೊಳ್ಳಿ. ಮೂಗು ಹಿಡಿದು ಜೋರಾಗಿ ಊದಿದರೆ ನೀರು ಕಿವಿಗೆ ಹೋಗುತ್ತದೆ.

ಅಡಿಕೆ ಸುಲಿಯುವ ಕಾಲದಲ್ಲಿ ಮೆಟ್ಟುಗತ್ತಿಯ ಮೇಲೆ ಬಗ್ಗಿ ಕೂತವರ ಬೆನ್ನು ಹಿಡಿಯುತ್ತದೆ. ಇಲ್ಲಿ ಪೂರಕ ಚಿಕಿತ್ಸೆಗೆ ನಿಜವಾದ ಬಲವಿದೆ. ಬೆನ್ನುನೋವಿಗೆ ಗುಳಿಗೆಗೂ ಮೊದಲು ಶಾಖ, ಮಾಲೀಶು, ಅಕ್ಯುಪಂಕ್ಚರ್, ದೀರ್ಘಕಾಲದ್ದಾದರೆ ಯೋಗವನ್ನೂ ಪ್ರಯತ್ನಿಸಿ ಎಂದು ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2017ರಲ್ಲೇ ತನ್ನ ವೈದ್ಯರಿಗೆ ಹೇಳಿದೆ. ಮುಕ್ಕಾಲು ಗಂಟೆಗೊಮ್ಮೆ ಏಳುವುದು, ಸಂಜೆ ಮಾರ್ಜಾಲಾಸನ (ಕೈ ಮಂಡಿ ಊರಿ ಬೆನ್ನು ಏರಿಸಿ ಇಳಿಸುವುದು) ಹತ್ತು ಸಲ, ಭುಜಂಗಾಸನ (ಬೋರಲು ಮಲಗಿ ಎದೆ ಎತ್ತುವುದು) ಐದು ಉಸಿರಿನಷ್ಟು ಹೊತ್ತು ಮೂರು ಸಲ, ಕೊನೆಗೆ ಮಕರಾಸನದಲ್ಲಿ (ಬೋರಲು ಮಲಗಿ ವಿಶ್ರಮಿಸುವುದು) ಐದು ನಿಮಿಷ. ಭುಜಂಗಾಸನದಲ್ಲಿ ಕೈಯ ಬಲದಿಂದ ಎದ್ದರೆ ಸೊಂಟ ಮುರಿದಂತಾಗುತ್ತದೆ, ಬೆನ್ನಿನ ಬಲದಿಂದ ಹೊಕ್ಕುಳ ನೆಲದಲ್ಲೇ ಇರುವಂತೆ ಎದ್ದರೆ ಸಾಕು. ನೋವು ಬೆನ್ನಿನಿಂದ ಕಾಲಿನ ಕಡೆ ಇಳಿಯುತ್ತ ಹೋದರೆ ನಿಲ್ಲಿಸಿ. ಪಾದ ಎತ್ತಲಾಗದಿದ್ದರೆ, ತೊಡೆಸಂದು ಮರಗಟ್ಟಿದರೆ, ಮೂತ್ರ ಕಟ್ಟಿದರೆ ಅದೇ ದಿನ ಆಸ್ಪತ್ರೆ. ಗ್ಲಾಕೋಮಾ ಇರುವವರು ತಲೆಕೆಳಗಾಗುವ ಆಸನ ಮಾಡಬಾರದು, ಗರ್ಭಿಣಿಯರು ಮತ್ತು ಹರ್ನಿಯಾ ಇರುವವರು ಕಪಾಲಭಾತಿ ಮಾಡಬಾರದು. ಅಕ್ಯುಪಂಕ್ಚರ್‌ಗೆ ಹೋದರೆ ಸೂಜಿಯ ಪೊಟ್ಟಣವನ್ನು ನಿಮ್ಮೆದುರೇ ಒಡೆಯಬೇಕು, ಒಮ್ಮೆ ಚುಚ್ಚಿದ ಸೂಜಿ ಬಿಸಾಡಬೇಕು. ಆರು ಸಲ ಹೋದರೂ ಏನೂ ವ್ಯತ್ಯಾಸ ಕಾಣದಿದ್ದರೆ ಏಳನೆಯದಕ್ಕೆ ದುಡ್ಡು ಕೊಡುವುದು ಬೇಡ.

ಆಯುರ್ವೇದದ ಐದು ಶೋಧನ ಚಿಕಿತ್ಸೆಗಳಾದ ಪಂಚಕರ್ಮವನ್ನು ಹೋಂಸ್ಟೇಯಲ್ಲಿ ಮೂರು ದಿನದ ಪ್ಯಾಕೇಜ್ ಎಂದು ಮಾರುವುದು ನೋಡಿದರೆ ಬೇಸರವಾಗುತ್ತದೆ. ಅದರಲ್ಲಿ ಭೇದಿ ಮಾಡಿಸುವ ವಿರೇಚನವೊಂದನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಮೊದಲು 3ರಿಂದ 7 ದಿನ ಏರುಪ್ರಮಾಣದಲ್ಲಿ ತುಪ್ಪ ಕುಡಿಸಬೇಕು, ಆಮೇಲೆ ಎಣ್ಣೆ ಮತ್ತು ಬೆವರು, ಆಮೇಲೆ ಭೇದಿ ಮದ್ದು, ಅದಾದ ಮೇಲೆ ಮತ್ತೆ 3ರಿಂದ 7 ದಿನ ಗಂಜಿತಿಳಿಯಿಂದ ಶುರುಮಾಡಿ ಮೆಲ್ಲಮೆಲ್ಲಗೆ ಊಟಕ್ಕೆ ಬರುವುದು. ಎರಡು ವಾರದ ಕೆಲಸ. ಹಿಂದುಮುಂದು ಬಿಟ್ಟು ನಡುವಿನ ಭೇದಿ ಮಾತ್ರ ಮಾಡಿಸಿದರೆ ಆಗುವುದು ನೀರಿನಂಶದ ನಷ್ಟ, ಬಿಪಿ ಕುಸಿತ. ಸಕ್ಕರೆ ಗುಳಿಗೆ ನುಂಗುವವರು ಉಪವಾಸದ ದಿನ ಅದೇ ಗುಳಿಗೆ ನುಂಗಿದರೆ ಇನ್ನೂ ಕೆಡುಕು. ಇಂಥ ಚಿಕಿತ್ಸೆ ಒಳರೋಗಿಯಾಗಿ ಆಯುರ್ವೇದ ಕಾಲೇಜಿನ ಆಸ್ಪತ್ರೆಯಂಥ ಕಡೆ ಆಗಬೇಕು. ಶಿವಮೊಗ್ಗದಲ್ಲೇ ಸರ್ಕಾರಿ ಆಯುರ್ವೇದ ಕಾಲೇಜಿದೆ. ಹಸಿರು ಮರಗಳ ನಡುವೆ ಶಿರೋಧಾರೆ ಮಾಡಿಸಿಕೊಂಡು ಬರುವುದಕ್ಕೆ ಅಡ್ಡಿಯಿಲ್ಲ, ಮನಸ್ಸು ಹಗುರಾಗುತ್ತದೆ. ಹಿಂದಿನವರ ತಲೆಗೆ ಸುರಿದ ಎಣ್ಣೆಯನ್ನೇ ಸುರಿಯುತ್ತಾರೋ ಹೊಸದೋ ಎಂದು ಮಾತ್ರ ಕೇಳಿ.

ಸಿದ್ಧ ಔಷಧದ ಡಬ್ಬಿಯ ಮೇಲೆ ತಯಾರಿಕಾ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನ ಇರಲೇಬೇಕು. ಭಸ್ಮ, ರಸ, ಸಿಂಧೂರ ಎಂಬ ಹೆಸರಿದ್ದರೆ ಸಾಮಾನ್ಯವಾಗಿ ಲೋಹ ಅಥವಾ ಖನಿಜ ಇದೆಯೆಂದು ತಿಳಿಯಿರಿ. ಅವನ್ನು ಬಿಎಎಂಎಸ್ (ಆಯುರ್ವೇದ ಪದವಿ) ಓದಿದ ವೈದ್ಯರ ಕೈಯಲ್ಲಲ್ಲದೆ ತೆಗೆದುಕೊಳ್ಳಬಾರದು. ಹೆಸರಿಲ್ಲದ ಕಾಗದದ ಪೊಟ್ಟಣದಲ್ಲಿ ಕೊಡುವ ಪುಡಿ ಎರಡೇ ದಿನದಲ್ಲಿ ಮಂಡಿನೋವನ್ನು ಪವಾಡದಂತೆ ಇಳಿಸಿದರೆ ಅದರಲ್ಲಿ ಸ್ಟೀರಾಯ್ಡ್ ಬೆರೆತಿರುವ ಅನುಮಾನ ಇಟ್ಟುಕೊಳ್ಳಬೇಕು. ಮುಖ ಊದುವುದು, ಸಕ್ಕರೆ ಏರುವುದು ಅದರ ಗುರುತು. ತಿಂಗಳುಗಟ್ಟಲೆ ತಿಂದಿದ್ದರೆ ಒಮ್ಮೆಲೇ ನಿಲ್ಲಿಸದೆ ಡಾಕ್ಟರಿಗೆ ತೋರಿಸಿ.

ಹೋಮಿಯೋಪಥಿಯ ಬಗ್ಗೆ ಚಿಕ್ಕದಾಗಿ. 30ಸಿ ಎಂದರೆ ಮೂಲ ವಸ್ತುವನ್ನು ನೂರರಲ್ಲೊಂದರಂತೆ ಮೂವತ್ತು ಸಲ ತೆಳುವಾಗಿಸಿದ್ದು. ಅಲ್ಲಿ ಮೂಲ ವಸ್ತುವಿನ ಒಂದು ಅಣುವೂ ಉಳಿದಿರುವ ಸಾಧ್ಯತೆಯಿಲ್ಲ, ಪ್ರಯೋಗಗಳಲ್ಲಿ ಅದು ಬರಿಯ ಸಕ್ಕರೆ ಗುಳಿಗೆಗಿಂತ ಮಿಗಿಲೆಂದು ನಂಬಿಕೆ ಬರುವಂತೆ ಸಾಬೀತಾಗಿಲ್ಲ. ಇನ್ನೊಂದು ಗುಳಿಗೆಯನ್ನು ಬಿಡಿಸದಿರುವವರೆಗೆ ಹಾನಿ ಕಡಿಮೆ. ಮದರ್ ಟಿಂಕ್ಚರ್ (ತೆಳುವಾಗಿಸದ ಮೂಲ ಅರ್ಕ) ಹಾಗಲ್ಲ, ಅದರಲ್ಲಿ ಗಿಡದ ಸಾರವೂ ಆಲ್ಕೋಹಾಲೂ ನಿಜವಾಗಿ ಇರುತ್ತವೆ. ಕೈಯಿಂದ ಶಕ್ತಿ ಹರಿಸುತ್ತೇವೆ ಎನ್ನುವ ರೇಖಿ, ಪ್ರಾಣಿಕ್ ಹೀಲಿಂಗ್ ಸಮಾಧಾನ ಕೊಡುತ್ತವೆ, ರೋಗ ವಾಸಿ ಮಾಡುತ್ತವೆ ಎನ್ನಲು ಆಧಾರವಿಲ್ಲ.

ಈಗ ಜೊತೆಗೆ ಎಂಬ ಪದವೂ ಸಾಲದ ಜಾಗಗಳು. ಮೊದಲನೆಯದು ಕಾಮಾಲೆ. ನೆಲನೆಲ್ಲಿಯ ಮದ್ದು ಕೊಟ್ಟರೆ ವಾಸಿಯಾಗುತ್ತದೆ ಎಂದು ಎಲ್ಲರೂ ಕಣ್ಣಾರೆ ಕಂಡಿದ್ದಾರೆ, ಕಂಡದ್ದು ಸುಳ್ಳಲ್ಲ. ಆದರೆ ಹೆಪಟೈಟಿಸ್ ಎ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ. ಹೆಪಟೈಟಿಸ್ ಬಿಗೆ ನೆಲನೆಲ್ಲಿ ಕೊಟ್ಟಾಗ ಶೇ. 59 ಜನರ ರಕ್ತದಿಂದ ವೈರಸ್ಸಿನ ಗುರುತು ಮಾಯವಾಯಿತು ಎಂದು 1988ರಲ್ಲಿ ಆಗಿನ ಮದ್ರಾಸಿನ ಸಂಶೋಧಕರು ಪ್ರಕಟಿಸಿದಾಗ ಎಲ್ಲೆಡೆ ಆಸೆ ಚಿಗುರಿತು. ಆಮೇಲೆ ಬೇರೆಯವರು ಮಾಡಿದ ಪ್ರಯೋಗಗಳಲ್ಲಿ ಆ ಫಲ ಮತ್ತೆ ಸಿಗಲಿಲ್ಲ. ಪಂಡಿತರ ಪಥ್ಯದಲ್ಲಿ ಹೆಂಡ ಬಿಡಿಸುವುದು ಚಿನ್ನದಂಥ ಮಾತು. ಉಪ್ಪು, ಎಣ್ಣೆ, ಬೇಳೆ ಎಲ್ಲ ಬಿಡಿಸಿ ವಾರಗಟ್ಟಲೆ ಬರೀ ಗಂಜಿಯಲ್ಲಿ ಇಡುವುದು ತಪ್ಪು, ಲಿವರ್ ಚೇತರಿಸಿಕೊಳ್ಳಲು ಊಟ ಬೇಕು. ಕಣ್ಣು ಹಳದಿಯಾದ ದಿನವೇ ಲಿವರ್ ಹಾಗೂ ರಕ್ತ ಹೆಪ್ಪುಗಟ್ಟುವಿಕೆಯನ್ನು ನೋಡುವ ಬಿಲಿರುಬಿನ್, ಎಸ್‌ಜಿಪಿಟಿ, ಪಿಟಿ-ಐಎನ್‌ಆರ್ ರಕ್ತ ಪರೀಕ್ಷೆ ಮಾಡಿಸಿ. ಮಳೆಗಾಲದಲ್ಲಿ ಗದ್ದೆಯ ಕೆಸರಿಗೆ ಇಳಿದವರಿಗೆ ಜ್ವರ, ಮೀನಖಂಡದ ನೋವು, ಕೆಂಗಣ್ಣು ಬಂದು ಕಾಮಾಲೆ ಕಂಡರೆ ಅದು ಇಲಿ ಜ್ವರ ಇರಬಹುದು, ಅದಕ್ಕೆ ಬೇಗ ಕೊಟ್ಟ ಆಂಟಿಬಯೋಟಿಕ್ ಜೀವ ಉಳಿಸುತ್ತದೆ. ಮಲ ಬಿಳಿಚಿ ಮೈ ತುರಿಸಿದರೆ ಪಿತ್ತನಾಳ ಕಟ್ಟಿರಬಹುದು. ಗರ್ಭಿಣಿಗೆ ಕಾಮಾಲೆ ಬಂದರೆ, ಯಾರಿಗಾದರೂ ಮಂಪರು, ತೊದಲು, ರಕ್ತಸ್ರಾವ ಕಂಡರೆ ಒಂದು ಗಂಟೆಯನ್ನೂ ಕಳೆಯಬೇಡಿ.

ಮಂಗನ ಕಾಯಿಲೆಯೂ ಹಾಗೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ಈ ಜ್ವರಕ್ಕೆ ಆಸ್ಪತ್ರೆಯಲ್ಲೂ ನೇರ ಮದ್ದಿಲ್ಲ, ಇರುವುದು ರಕ್ತಸ್ರಾವ ಆಗದಂತೆ ಕಾಯುವ ಆರೈಕೆ. ಕಾಡಿಗೆ ಹೋಗಿಬಂದ ಮೂರರಿಂದ ಎಂಟು ದಿನದೊಳಗೆ ಜ್ವರ ಏರಿದರೆ ಕಷಾಯ ಕುಡಿದು ಕಾಯಬೇಡಿ, ರಕ್ತ ಪರೀಕ್ಷೆಗೆ ಹೋಗಿ. ಆಸ್ಪಿರಿನ್, ಐಬುಪ್ರೊಫೆನ್ ನುಂಗಬಾರದು. ಈ ಜ್ವರ ಹರಡುವ ಉಣುಗು (ಉಣ್ಣೆ) ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆಯನ್ನೇ ಹಚ್ಚಿಕೊಳ್ಳಿ, ಬೇವಿನೆಣ್ಣೆಯನ್ನು ನಂಬಿ ಸೊಪ್ಪಿನಬೆಟ್ಟಕ್ಕೆ ಹೋಗಬೇಡಿ. ಹಾವು ಕಚ್ಚಿದರೆ ಬೇರು ತೇಯ್ದು ಕುಡಿಸುವ ಹೊತ್ತಿನಲ್ಲಿ 108 ಬಂದು ಸೇರುತ್ತದೆ. ಕೈಕಾಲು ಅಲುಗಾಡದಂತೆ ಇರಿಸಿ, ಕೊಯ್ಯಬೇಡಿ, ಬಿಗಿದು ಕಟ್ಟಬೇಡಿ.

ಎಲುಬು ಕಟ್ಟುವವರ ಬಳಿ ಹೋಗಲೇಬೇಕೆಂದಿದ್ದರೆ ಮೊದಲು ಎಕ್ಸ್‌ರೇ ತೆಗೆಸಿ. ಮರದಿಂದ ಬಿದ್ದ ಮಗುವಿನ ಮೊಣಕೈಗಂತೂ ನೇರ ಮೂಳೆ ಡಾಕ್ಟರ ಹತ್ತಿರ ಹೋಗಿ, ಅಲ್ಲಿ ರಕ್ತನಾಳ ಎಲುಬಿಗೆ ಅಂಟಿಕೊಂಡಂತೆ ಹಾದುಹೋಗುತ್ತದೆ. ಬಿದಿರ ಸೀಳು ಕಟ್ಟಿದ ಮೇಲೆ ಬೆರಳು ಬಿಳಿಚಿದರೆ, ತಣ್ಣಗಾದರೆ, ಮರಗಟ್ಟಿದರೆ, ಬೆರಳನ್ನು ಮೆಲ್ಲಗೆ ನೀಡಿದಾಗ ಮಗು ಚೀರಿದರೆ ಕಟ್ಟನ್ನು ಅಲ್ಲಿಯೇ ಬಿಚ್ಚಿ. ಬೆಳಿಗ್ಗೆ ನೋಡೋಣ ಎನ್ನಬೇಡಿ. ಆರು ಗಂಟೆ ಕಳೆದರೆ ಸ್ನಾಯು ಸಾಯುತ್ತದೆ, ಕೈ ಮುಂದೆ ಮುದುಡಿಯೇ ಉಳಿಯುತ್ತದೆ.

ಯಾವ ಚಿಕಿತ್ಸಕರ ಬಳಿ ಹೋದರೂ ಗೋಡೆಯ ಮೇಲೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯಡಿಯ ನೋಂದಣಿ ಪತ್ರ ಇದೆಯೇ ನೋಡಿ. ಸಕ್ಕರೆ ಕಾಯಿಲೆ, ಕ್ಯಾನ್ಸರ್ ಖಂಡಿತ ವಾಸಿ ಎಂದು ಜಾಹೀರಾತು ಹಾಕುವುದು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯಿದೆಯ ಪ್ರಕಾರವೇ ಅಪರಾಧ, ಅಂಥ ಫಲಕ ಕಂಡರೆ ಬಾಗಿಲಿಂದಲೇ ತಿರುಗಿ ಬನ್ನಿ. ಎಷ್ಟು ದಿನ, ಏನು ಬದಲಾಗಬೇಕು, ಆಗದಿದ್ದರೆ ಮುಂದೇನು ಎಂದು ಮೊದಲ ದಿನವೇ ಕೇಳಿ. ಉತ್ತರ ಕೊಡಲು ಬೇಸರಪಡುವವರು ನಿಮಗೆ ತಕ್ಕವರಲ್ಲ. ಆಪರೇಷನ್ ಇದ್ದರೆ ಎರಡು ವಾರ ಮುಂಚೆಯೇ ನಾರುಬೇರಿನ ಮದ್ದನ್ನೆಲ್ಲ ಡಾಕ್ಟರಿಗೆ ತಿಳಿಸಿ ನಿಲ್ಲಿಸಿ. ಮುಂದಿನ ಸಲ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ತಾಲ್ಲೂಕು ಆಸ್ಪತ್ರೆಗೋ ಹೊರಟಾಗ ಗುಳಿಗೆ ಚೀಟಿಯ ಜೊತೆಗೆ ಕಷಾಯದ ಪುಡಿಯ ಸಣ್ಣ ಪೊಟ್ಟಣ, ಎಣ್ಣೆಯ ಬಾಟಲಿ, ಪಂಡಿತರು ಕೊಟ್ಟ ಬೇರಿನ ಒಂದು ತುಂಡು ಚೀಲಕ್ಕೆ ಹಾಕಿಕೊಳ್ಳಿ, ಎಷ್ಟು ಹೊತ್ತಿಗೆ ಎಷ್ಟು ಕುಡಿಯುತ್ತೀರಿ ಎಂಬುದನ್ನು ಚೀಟಿಯ ಹಿಂದೆ ಬರೆದುಕೊಂಡು ಹೋಗಿ.